ಬಾಲಾ ಊರಿನ ತಾಮಸ್ ಚಾರ್ಲ್ಸರು

ಮೇರಿ ಜೋನ್ಸ್ ಎಂಬ ಬಡ ಹುಡುಗಿಯು ಸತ್ಯವೇದಕ್ಕಾಗಿ ಕಾಸಿಗೆ ಕಾಸು ಕೂಡಿಸಿ, ಬರಿಗಾಲಿನಲ್ಲಿ ಬೆಟ್ಟಗಳನ್ನು ದಾಟಿ ನಡೆದು ಹೋದ ಕಥೆಯನ್ನು ನಮ್ಮ ಆದಿತ್ಯವಾರದ ಶಾಲೆಗಳಲ್ಲಿ ಕೇಳದ ಮಕ್ಕಳು ವಿರಳ. ಆದರೆ ಆ ಕಥೆಯನ್ನು ಹೇಳುವಾಗ ನಾವು ಒಂದು ಸಂಗತಿಯನ್ನು ವಿಚಾರಿಸದೆ ಬಿಟ್ಟುಬಿಡುತ್ತೇವೆ. ದಾರಿಯೂ ಸರಿಯಾಗಿಲ್ಲದ ಗುಡ್ಡಗಾಡಿನಲ್ಲಿ, ತಂದೆಯಿಲ್ಲದ ಒಬ್ಬ ನೇಕಾರನ ಮಗಳಿಗೆ ಓದಲು ಬಂದದ್ದಾದರೂ ಹೇಗೆ? ಓದು ಬಾರದವಳಿಗೆ ಪುಸ್ತಕದ ಆಶೆ ಹುಟ್ಟುವದಿಲ್ಲವಷ್ಟೆ. ಅವಳು ಯಾರ ಬಾಗಿಲನ್ನು ತಟ್ಟಿದಳೋ ಆ ಬೋಧಕರೇ ಅವಳ ಊರಿನ ಹತ್ತಿರಕ್ಕೆ ಶಾಲೆಯನ್ನು ಕಳುಹಿಸಿದ್ದರು. ಅವರ ಜೀವಿತವನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ.

ವೇಲ್ಸ್ ದೇಶವು ಇಂಗ್ಲೆಂಡಿನ ಪಶ್ಚಿಮಕ್ಕಿರುವ ಗುಡ್ಡಗಾಡು ಸೀಮೆ. ಕುರಿ ಸಾಕುವದು, ಉಣ್ಣೆ ನೂಲುವದು, ನೇಯುವದು, ಇವೇ ಅಲ್ಲಿಯ ಬಡಜನರ ಕಸುಬುಗಳಾಗಿದ್ದವು. ಅವರ ಮಾತು ಇಂಗ್ಲಿಷಲ್ಲ, ವೇಲ್ಷ್ ಎಂಬ ಬೇರೆ ಭಾಷೆ. ಆ ಭಾಷೆಯಲ್ಲಿ ಸಂಪೂರ್ಣ ಸತ್ಯವೇದವು 1588ರಲ್ಲೇ ಅಚ್ಚಾಗಿತ್ತು. ಆದರೂ ಪುಸ್ತಕವು ದುಬಾರಿ, ಪ್ರತಿಗಳು ಕಡಿಮೆ, ಓದಬಲ್ಲವರು ಇನ್ನೂ ಕಡಿಮೆ. ಈ ಕೊರತೆಯನ್ನು ಕಂಡು ಗ್ರಿಫಿತ್ ಜೋನ್ಸ್ ಎಂಬ ಬೋಧಕರು ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಸಂಚಾರ ಶಾಲೆಗಳನ್ನು ಆರಂಭಿಸಿದ್ದರು. ಉಪಾಧ್ಯಾಯನು ಒಂದು ಊರಿನಲ್ಲಿ ಕೆಲವು ತಿಂಗಳಿದ್ದು, ಅಲ್ಲಿಯವರು ಓದಲು ಕಲಿತ ಮೇಲೆ ಮುಂದಿನ ಊರಿಗೆ ಹೋಗುವನು. 1761ರಲ್ಲಿ ಜೋನ್ಸರು ತೀರಿಕೊಳ್ಳುವಷ್ಟರಲ್ಲಿ ಇಂಥ ಶಾಲೆಗಳು ಮೂರು ಸಾವಿರಕ್ಕೂ ಹೆಚ್ಚು ನಡೆದಿದ್ದವು. ಅವರ ಬಳಿಕ ಬೆವನ್ ಅಮ್ಮನವರು ಎಂಬ ಭಕ್ತೆಯು ಅವುಗಳನ್ನು ನಡಿಸಿದರು. 1779ರಲ್ಲಿ ಆಕೆಯು ತೀರಿಕೊಂಡಾಗ, ಶಾಲೆಗಳಿಗೆಂದು ಬರೆದಿಟ್ಟ ಹಣವು ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಕ್ಕಿಬಿದ್ದಿತು, ಶಾಲೆಗಳು ನಿಂತುಹೋದವು.

ತಾಮಸ್ ಚಾರ್ಲ್ಸರು 1755ನೇ ಇಸವಿ ಅಕ್ಟೋಬರ್ 14ರಲ್ಲಿ ದಕ್ಷಿಣ ವೇಲ್ಸಿನ ಒಬ್ಬ ಒಕ್ಕಲಿನವನ ಮನೆಯಲ್ಲಿ ಹುಟ್ಟಿದರು. ಗ್ರಿಫಿತ್ ಜೋನ್ಸರು ಸೇವೆ ಮಾಡಿದ ಲಾನ್‌ಡೌರೋರ್ ಎಂಬ ಊರಿನಲ್ಲೇ ಬಾಲ್ಯದ ಓದು ನಡೆಯಿತು. ಹದಿನೇಳನೆಯ ವರ್ಷದಲ್ಲಿ, ಅಂದರೆ 1773ನೇ ಇಸವಿ ಜನವರಿ 20ರಂದು, ಡ್ಯಾನಿಯಲ್ ರೋಲಂಡ್ ಎಂಬ ಪ್ರಸಿದ್ಧ ಬೋಧಕರ ಪ್ರಸಂಗವನ್ನು ಕೇಳಿ ಅವರ ಮನಸ್ಸು ತಿರುಗಿತು. ಆ ದಿವಸವನ್ನು ಅವರು ಸಾಯುವ ತನಕ ಮರೆಯಲಿಲ್ಲ. ಆಮೇಲೆ ಆಕ್ಸ್‌ಫರ್ಡಿನಲ್ಲಿ ಓದಿ, 1778ರಲ್ಲಿ ಇಂಗ್ಲಿಷ್ ಸಭೆಯ ದೀಕ್ಷೆಯನ್ನು ಹೊಂದಿ, ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯಲ್ಲಿ ಸಹಾಯಕ ಬೋಧಕರಾದರು.

ಅವರನ್ನು ಬಡಗಣ ವೇಲ್ಸಿಗೆ ಎಳೆದದ್ದು ಮದುವೆಯ ಸಂಬಂಧ. ಬಾಲಾ ಎಂಬ ಸಣ್ಣ ಪೇಟೆಯಲ್ಲಿ ಸೇರಾ ಜೋನ್ಸ್ ಎಂಬ ಭಕ್ತಿವಂತೆಯು ತಂದೆತಾಯಿಗಳ ಅಂಗಡಿಯನ್ನು ನೋಡಿಕೊಂಡಿದ್ದಳು. ಹೆತ್ತವರನ್ನು ಬಿಟ್ಟು ದೂರ ಬರಲು ಆಕೆಗೆ ಮನಸ್ಸಾಗಲಿಲ್ಲ. ಆದಕಾರಣ ಚಾರ್ಲ್ಸರೇ ಇಂಗ್ಲೆಂಡಿನ ಕೆಲಸವನ್ನು ಬಿಟ್ಟು ಬಂದು 1783ನೇ ಇಸವಿ ಆಗಸ್ಟಿನಲ್ಲಿ ಆಕೆಯನ್ನು ಮದುವೆಯಾದರು. ಮುಂದೆ ಜೀವಮಾನವೆಲ್ಲಾ ಅವರ ಮನೆಯ ಖರ್ಚು ನಡೆದದ್ದು ಆಕೆಯ ಅಂಗಡಿಯಿಂದಲೇ. ಹೆಂಡತಿಯು ತಕ್ಕಡಿ ಹಿಡಿದು ದುಡಿದದ್ದರಿಂದ ಗಂಡನು ಸಂಬಳವಿಲ್ಲದೆ ದೇವರ ಕೆಲಸಕ್ಕಾಗಿ ದೇಶವೆಲ್ಲಾ ತಿರುಗಿದನು. ಚರಿತ್ರೆ ಬರೆಯುವವರು ಈ ಮಾತನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವದುಂಟು. ಅದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಮದುವೆಯಾದ ಮೇಲೆ ಚಾರ್ಲ್ಸರಿಗೆ ಕೆಲಸವೇ ಸಿಕ್ಕಲಿಲ್ಲ. ಒಂದೊಂದು ಸಭೆಯವರೂ ಅವರನ್ನು ಬೇಡವೆಂದರು. ಕೊನೆಗೆ 1784ರಲ್ಲಿ ಲಾನಮೌದ್ವಿ ಎಂಬ ಬೆಟ್ಟದಾಚೆಯ ಹಳ್ಳಿಯಲ್ಲಿ ಸಹಾಯಕ ಬೋಧಕರ ಸ್ಥಾನ ದೊರೆಯಿತು. ಅಲ್ಲಿ ಅವರು ಮಕ್ಕಳನ್ನು ಕೂಡಿಸಿ ಜ್ಞಾನೋಪದೇಶದ ಪ್ರಶ್ನೆಗಳನ್ನು ಕೇಳಿ ಕಲಿಸತೊಡಗಿದರು. ಇದು ಊರಿನ ಕೆಲವರಿಗೆ ಹಿಡಿಸಲಿಲ್ಲ. ಮೂರು ತಿಂಗಳು ತುಂಬುವಷ್ಟರಲ್ಲಿ ಅವರನ್ನು ಕೆಲಸದಿಂದ ಬಿಡಿಸಲಾಯಿತು. ಇಪ್ಪತ್ತೆಂಟು ವರುಷದ ಪ್ರಾಯ, ಆಕ್ಸ್‌ಫರ್ಡಿನ ವಿದ್ಯೆ, ದೀಕ್ಷೆಯ ಅಧಿಕಾರ, ಇಷ್ಟೆಲ್ಲಾ ಇದ್ದೂ ಪ್ರಸಂಗಿಸಲು ಒಂದು ಪೀಠವೂ ಇಲ್ಲದೆ ಅವರು ಬಾಲಾದ ಮನೆಯಲ್ಲಿ ಕುಳಿತುಕೊಳ್ಳಬೇಕಾಯಿತು. ಇದು ತನ್ನ ಪಾಪದ ಫಲವೋ, ದೇವರ ಚಿತ್ತವೋ ಎಂದು ಅವರು ಬಹಳವಾಗಿ ನೊಂದುಕೊಂಡರು.

ಆ ದಿನಗಳಲ್ಲಿಯೇ ಪೇಟೆಯ ಬೀದಿಯಲ್ಲಿ ಸುಮ್ಮನೆ ಅಲೆಯುತ್ತಿದ್ದ ಬಡಮಕ್ಕಳು ಅವರ ಕಣ್ಣಿಗೆ ಬಿದ್ದರು. ಅವರನ್ನು ಮನೆಗೆ ಕರೆದು ಕಲಿಸತೊಡಗಿದರು. ಮಕ್ಕಳು ಹೆಚ್ಚಿ ಮನೆ ಸಾಲದೆ ಹೋದಾಗ ಊರಿನ ಮೆಥಡಿಸ್ಟರು ತಮ್ಮ ಪ್ರಾರ್ಥನಾಲಯವನ್ನು ಬಿಟ್ಟುಕೊಟ್ಟರು. ಹೀಗೆ ಚಾರ್ಲ್ಸರು ಅವರ ಸಂಗಡ ಸೇರಿ, ಊರೂರಿಗೆ ಹೋಗಿ ಪ್ರಸಂಗಿಸಲಾರಂಭಿಸಿದರು. ಹೋದಲ್ಲೆಲ್ಲಾ ಒಂದೇ ಅವಸ್ಥೆ. ಕಣಿವೆಗಳೊಳಗೆ ಓದಬಲ್ಲವರು ಒಬ್ಬರೋ ಇಬ್ಬರೋ, ಎಷ್ಟೋ ಮನೆಗಳಲ್ಲಿ ಸತ್ಯವೇದವೇ ಇಲ್ಲ. ಓದು ಬಾರದವರಿಗೆ ಪ್ರಸಂಗ ಮಾಡಿದರೆ ಅದು ಕಿವಿಯಲ್ಲಿ ಎಷ್ಟು ದಿವಸ ನಿಂತೀತು? ಆಗ ಅವರಿಗೆ ತಮ್ಮ ಬಾಲ್ಯದ ಸೀಮೆಯ ಗ್ರಿಫಿತ್ ಜೋನ್ಸರ ನೆನಪಾಯಿತು.

1785ರಲ್ಲಿ ಒಬ್ಬನೇ ಉಪಾಧ್ಯಾಯನಿಂದ ಕೆಲಸವು ಆರಂಭವಾಯಿತು. ಮರುವರುಷ ಏಳು ಮಂದಿ, 1794ರ ಹೊತ್ತಿಗೆ ಇಪ್ಪತ್ತು ಮಂದಿ ಆದರು. ಮೊದಮೊದಲು ಉಪಾಧ್ಯಾಯರೇ ದೊರೆಯುತ್ತಿರಲಿಲ್ಲ. ಚಾರ್ಲ್ಸರು ಕೆಲವರನ್ನು ತಾವೇ ಕೂತು ಕಲಿಸಿ ಸಿದ್ಧಮಾಡಿದರು. ಬಹಳ ವಿದ್ಯೆಯುಳ್ಳವನನ್ನು ಅವರು ಹುಡುಕಲಿಲ್ಲ. ದೇವಭಕ್ತಿ, ತಾಳ್ಮೆ, ಬಡವರ ಮನೆಯಲ್ಲಿ ಉಂಡು ಮಲಗಲು ಹೇಸದ ಮನಸ್ಸು, ಇವಿದ್ದರೆ ಸಾಕು. ವರುಷಕ್ಕೆ ಮೊದಲು 8 ಪೌಂಡು, ಮುಂದೆ 10, ಆಮೇಲೆ 12 ಪೌಂಡು ಸಂಬಳ. ಈ ಹಣವು ಪ್ರಾರ್ಥನಾಲಯಗಳಲ್ಲಿ ಅವರಿಗೆ ದೊರೆತ ಕಾಣಿಕೆಯಿಂದಲೂ ಇಂಗ್ಲೆಂಡಿನ ಸ್ನೇಹಿತರ ಸಹಾಯದಿಂದಲೂ ಬರುತ್ತಿತ್ತು.

ಹೊಸ ಊರಿನಲ್ಲಿ ಶಾಲೆ ತೆರೆಯುವ ರೀತಿಯನ್ನು ನಮ್ಮ ಹಳ್ಳಿಯ ಸಭೆಗಳವರು ಗಮನವಿಟ್ಟು ಓದತಕ್ಕದ್ದು. ಮೊದಲು ಚಾರ್ಲ್ಸರೇ ಅಲ್ಲಿಗೆ ಹೋಗಿ, ಊರಿನ ಮುಖ್ಯಸ್ಥರನ್ನು ಕಂಡು, ಜನರನ್ನು ಕೂಡಿಸಿ, ಮಕ್ಕಳಿಗೆ ದೇವರ ವಾಕ್ಯವನ್ನು ಓದಲು ಕಲಿಸುವದು ಎಷ್ಟು ಅವಶ್ಯವೆಂದು ವಿವರಿಸುವರು. ಉಪಾಧ್ಯಾಯನನ್ನು ಕಳುಹಿಸುವೆನೆಂದು ಮಾತು ಕೊಡುವರು. ಬಳಿಕ ತಾಯಿತಂದೆಗಳೊಂದಿಗೆ ಸ್ನೇಹದಿಂದ ಮಾತಾಡಿ, ಬಟ್ಟೆ ಹರಿದಿದ್ದರೂ ಮಕ್ಕಳನ್ನು ಕಳುಹಿಸಲು ನಾಚಬಾರದೆಂದು ಒಪ್ಪಿಸುವರು. ಕೊನೆಗೆ ಮಕ್ಕಳ ಸಂಗಡವೇ ಮಾತಾಡುವರು. ಶಾಲೆಯು ಒಂದು ಸ್ಥಳದಲ್ಲಿ ಆರು ತಿಂಗಳು, ಹೆಚ್ಚೆಂದರೆ ಒಂಬತ್ತು ತಿಂಗಳು ಇರುವದು. ಆಮೇಲೆ ಉಪಾಧ್ಯಾಯನು ಮುಂದಿನ ಕಣಿವೆಗೆ ಹೋಗುವನು.

ಕಲಿಸುವದು ವೇಲ್ಷ್ ಭಾಷೆಯಲ್ಲಿಯೇ. ಇಂಗ್ಲಿಷ್ ಕಲಿಸಿದರೆ ಮಕ್ಕಳಿಗೆ ಪ್ರಯೋಜನವಾಗುವದಲ್ಲವೇ ಎಂದು ಹಲವರು ಆಕ್ಷೇಪಿಸಿದರು. ಚಾರ್ಲ್ಸರ ವಾದವು ಸರಳವಾಗಿತ್ತು. ತಾಯಿಯ ಮಾತಿನಲ್ಲಾದರೆ ಮಗುವು ಕೆಲವೇ ತಿಂಗಳಲ್ಲಿ ಸತ್ಯವೇದವನ್ನು ಓದುತ್ತದೆ. ಓದಿದ್ದು ಅದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಅರ್ಥವಾಗದ ಭಾಷೆಯಲ್ಲಿ ವರುಷಗಟ್ಟಲೆ ಅಕ್ಷರ ಕಲಿತ ಮಗುವು ಶಾಲೆ ಬಿಟ್ಟೊಡನೆ ಎರಡನ್ನೂ ಮರೆಯುತ್ತದೆ. ತನ್ನ ಭಾಷೆಯಲ್ಲಿ ಓದಿನ ರುಚಿ ಕಂಡವನೇ ಮುಂದೆ ಇಂಗ್ಲಿಷನ್ನೂ ಬೇಗ ಕಲಿಯುವನೆಂದು ಅವರು ಅನುಭವದಿಂದ ತೋರಿಸಿಕೊಟ್ಟರು.

ಆದರೆ ಹಗಲೆಲ್ಲಾ ಕುರಿ ಕಾಯುವ, ಉಣ್ಣೆ ನೂಲುವ ಮಕ್ಕಳು ಶಾಲೆಗೆ ಬರುವದು ಹೇಗೆ? ಇವರಿಗಾಗಿ ರಾತ್ರಿಶಾಲೆಗಳೂ ಆದಿತ್ಯವಾರದ ಶಾಲೆಗಳೂ ಹುಟ್ಟಿದವು. ಕರ್ತನ ದಿನದಲ್ಲಿ ಅಕ್ಷರ ಕಲಿಸುವದು ಸಬ್ಬತ್ತನ್ನು ಮೀರುವದಾಗುತ್ತದೆಂದು ಭಕ್ತರಲ್ಲಿಯೇ ಅನೇಕರು ವಿರೋಧಿಸಿದರು. ಚಾರ್ಲ್ಸರು ಜಗಳವಾಡಲಿಲ್ಲ, ಶಾಲೆಯನ್ನೂ ನಿಲ್ಲಿಸಲಿಲ್ಲ. ಕ್ರಮೇಣ ಮಕ್ಕಳ ಹಿಂದೆ ದೊಡ್ಡವರೂ ಬಂದು ಕುಳಿತರು. ಕನ್ನಡಕ ಹಾಕಿಕೊಂಡ ಮುದುಕರು ಮೊಮ್ಮಕ್ಕಳ ಸಂಗಡ ಅಕ್ಷರ ಕಲಿತರು. ಇಂದಿಗೂ ವೇಲ್ಸಿನ ಆದಿತ್ಯವಾರದ ಶಾಲೆಯೆಂದರೆ ಮಕ್ಕಳ ಶಾಲೆ ಮಾತ್ರವಲ್ಲ, ದೊಡ್ಡವರದ್ದೂ ಹೌದು ಎಂಬ ಹೆಸರು ಉಳಿದಿದೆ. 1791ರಲ್ಲಿ ಬಾಲಾದಲ್ಲಿ ದೊಡ್ಡ ಉಜ್ಜೀವನವಾಯಿತು. ಅದರಲ್ಲಿ ಮೊದಲು ಎಚ್ಚತ್ತವರಲ್ಲಿ ಮಕ್ಕಳೂ ಯೌವನಸ್ಥರೂ ಬಹು ಮಂದಿ ಇದ್ದರು.

ಮುಂದೆ ಹಲವು ಊರಿನ ಶಾಲೆಗಳನ್ನು ಒಂದೆಡೆ ಕೂಡಿಸಿ ಪರೀಕ್ಷಿಸುವ ಪದ್ಧತಿ ಬಂದಿತು. ಮುಂಚೆಯೇ ಒಂದು ವಿಷಯವನ್ನು ಕೊಟ್ಟಿಡುವರು. ಮಕ್ಕಳು ಅದಕ್ಕೆ ಆಧಾರವಾದ ವಾಕ್ಯಗಳನ್ನು ಸತ್ಯವೇದದಲ್ಲಿ ತಾವೇ ಹುಡುಕಿ, ಬಾಯಿಪಾಠ ಮಾಡಿ, ಬೆಟ್ಟ ದಾಟಿ ಬಂದು ಜನಸಮೂಹದ ಮುಂದೆ ಉತ್ತರ ಹೇಳುವರು. ಯಾವ ಆಲಯವೂ ಸಾಲದೆ ಬಯಲಿನಲ್ಲಿ ಕೂಟ ನಡಿಸಬೇಕಾಗುತ್ತಿತ್ತು.

ಈ ಸಂಚಾರಕ್ಕೆ ಚಾರ್ಲ್ಸರು ತೆತ್ತ ಬೆಲೆಯೂ ಇತ್ತು. 1799ರ ಚಳಿಗಾಲದಲ್ಲಿ ಮಿಗ್ನೈಂಟ್ ಎಂಬ ಬೆಟ್ಟಬಯಲನ್ನು ಕುದುರೆಯ ಮೇಲೆ ದಾಟುವಾಗ ಹಿಮದ ಚಳಿಯಿಂದ ಅವರ ಎಡಗೈಯ ಹೆಬ್ಬೆರಳು ಮರಗಟ್ಟಿತು. ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಪ್ರಾಣದ ಮೇಲೆಯೇ ಸಂಶಯವಿದ್ದಾಗ ಬಾಲಾದ ಸಭೆಯು ಪ್ರಾರ್ಥನೆಗೆ ಕೂಡಿತು. ಅಲ್ಲಿ ಒಬ್ಬ ವೃದ್ಧನು, ಹಿಜ್ಕೀಯನಿಗೆ ಕೊಟ್ಟಂತೆ ಇವರಿಗೂ ಹದಿನೈದು ವರುಷಗಳನ್ನು ಕೊಡಬೇಕೆಂದು ದೇವರನ್ನು ಬೇಡಿಕೊಂಡನೆಂದು ಹೇಳುವದುಂಟು.

ಓದುವವರು ಹೆಚ್ಚಿದಷ್ಟೂ ಪುಸ್ತಕದ ಬರ ಹೆಚ್ಚಿತು. 1799ರಲ್ಲಿ ವೇಲ್ಷ್ ಸತ್ಯವೇದದ 10,000 ಪ್ರತಿಗಳು ಅಚ್ಚಾದವು. ಅವು ಬಹು ಬೇಗ ಮುಗಿದುಹೋದವು, ಬೇಡುವವರಲ್ಲಿ ಕಾಲು ಪಾಲಿಗೂ ಸಾಲಲಿಲ್ಲ. 1800ರಲ್ಲಿ ಮೇರಿ ಜೋನ್ಸಳು ಬಾಲಾಕ್ಕೆ ಬಂದದ್ದು ಈ ಬರಗಾಲದಲ್ಲಿಯೇ. ಅವಳ ಊರಿನಿಂದ ಬಾಲಾಕ್ಕೆ ಸುಮಾರು 25 ಮೈಲು. ಅವಳು ಓದು ಕಲಿತದ್ದು ಅಬರ್ಗನೋಲ್ವಿನ್ ಎಂಬ ಹಳ್ಳಿಗೆ ಬಂದ ಚಾರ್ಲ್ಸರ ಸಂಚಾರ ಶಾಲೆಯಲ್ಲಿ. ಚಾರ್ಲ್ಸರ ಮನೆಯಲ್ಲಿ ನಡೆದ ಸಂಭಾಷಣೆಯನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುತ್ತಾರೆ. ತನ್ನ ಹದಿನಾರನೆಯ ವರುಷದಲ್ಲಿ ಈ ಪುಸ್ತಕವನ್ನು ಕೊಂಡೆನೆಂದು ಮೇರಿಯು ತನ್ನ ಕೈಯಿಂದಲೇ ಅದರಲ್ಲಿ ಬರೆದಿಟ್ಟಿರುವದು ಮಾತ್ರ ನಿಸ್ಸಂದೇಹ.

1802ನೇ ಇಸವಿ ದಶಂಬರದಲ್ಲಿ ಚಾರ್ಲ್ಸರು ಲಂಡನಿಗೆ ಹೋಗಿ, ಧಾರ್ಮಿಕ ಕಿರುಪುಸ್ತಕ ಸಂಘದ ಹಿರಿಯರ ಮುಂದೆ ವೇಲ್ಸಿನ ಕೊರತೆಯನ್ನು ಬಿನ್ನವಿಸಿದರು. ವೇಲ್ಸಿಗಾಗಿ ಒಂದು ಸಂಘವಾದರೆ ಇಡೀ ಲೋಕಕ್ಕಾಗಿ ಯಾಕಾಗಬಾರದೆಂದು ಜೋಸೆಫ್ ಹ್ಯೂಸ್ ಎಂಬ ಬ್ಯಾಪ್ಟಿಸ್ಟ್ ಬೋಧಕರು ಸೂಚಿಸಿದರು. ಹೀಗೆ 1804ನೇ ಇಸವಿ ಮಾರ್ಚ್ 7ರಂದು ಬ್ರಿಟಿಷ್ ಮತ್ತು ಪರದೇಶ ಸತ್ಯವೇದ ಸಂಘವು ಹುಟ್ಟಿತು. ವೇಲ್ಷ್ ಪ್ರತಿಯನ್ನು ತಿದ್ದಿ ಸಿದ್ಧಮಾಡುವ ಕೆಲಸ ಚಾರ್ಲ್ಸರಿಗೆ ಬಂದಿತು. ಅವರು ಕೆಲವು ಪದಗಳ ಅಕ್ಷರಗಳನ್ನು ಬದಲಾಯಿಸಿದರೆಂದು ಒಬ್ಬ ಬೋಧಕರು ದೂರು ಕೊಟ್ಟದ್ದರಿಂದ ಕೆಲಸವು ತಡವಾಯಿತು. ಮಕ್ಕಳು ಪುಸ್ತಕಕ್ಕಾಗಿ ಕಾದಿರುವಾಗ ದೊಡ್ಡವರು ಅಕ್ಷರಕ್ಕಾಗಿ ವಾದಿಸುವದು ನಮ್ಮಲ್ಲಿಯೂ ನಡೆಯದ ಸಂಗತಿಯಲ್ಲ. ಅಂತೂ 1806ರಲ್ಲಿ ಹೊಸ ಒಡಂಬಡಿಕೆಯು ಅಚ್ಚಾಗಿ ಬಂದಿತು. ಪುಸ್ತಕಗಳ ಬಂಡಿ ಬರುವ ಸುದ್ದಿ ಕೇಳಿ ಹಳ್ಳಿಗರು ಗುಂಪಾಗಿ ಎದುರುಗೊಂಡು, ತಾವೇ ಅದನ್ನು ಊರೊಳಕ್ಕೆ ಎಳೆದುತಂದರು. ಒಂದು ಪ್ರತಿಯೂ ಉಳಿಯಲಿಲ್ಲ. ಹುಡುಗರು ರಾತ್ರಿಯೆಲ್ಲಾ ಕುಳಿತು ಓದಿದರು. ಕೂಲಿಯವರು ಹೊಲಕ್ಕೆ ಒಯ್ದು ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ಓದಿದರು. ಸಂಪೂರ್ಣ ಸತ್ಯವೇದವು 1807ರಲ್ಲಿ ಹೊರಟಿತು.

ಈ ಸಂಘದ ಶಾಖೆಯೊಂದು 1820ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾಯಿತು. ಬಳ್ಳಾರಿಯ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ವರುಷಗಟ್ಟಲೆ ಶ್ರಮಪಟ್ಟ ಕನ್ನಡ ಸತ್ಯವೇದವು 1831ರಲ್ಲಿ ಪೂರ್ಣವಾಗಿ ಅಚ್ಚಾಯಿತು. ಚಾರ್ಲ್ಸರ ಮೆಥಡಿಸ್ಟ್ ಸಭೆಯವರೇ 1840ರಲ್ಲಿ ನಮ್ಮ ದೇಶದ ಖಾಸಿ ಗುಡ್ಡಗಳಿಗೆ ಮಿಶನೆರಿಯನ್ನು ಕಳುಹಿಸಿದರು. ಖಾಸಿ ಮಾತನ್ನು ಅಕ್ಷರಕ್ಕೆ ತಂದಾಗ ವೇಲ್ಷ್ ಬರಹದ ರೀತಿಯೇ ಅದಕ್ಕೆ ಮಾದರಿಯಾಯಿತು.

ಕೊನೆಯ ವರುಷಗಳಲ್ಲಿಯೂ ಚಾರ್ಲ್ಸರು ಸುಮ್ಮನಿರಲಿಲ್ಲ. ನಾಲ್ಕು ಸಂಪುಟಗಳ ಸತ್ಯವೇದ ನಿಘಂಟನ್ನು ಬರೆದು 1811ರಲ್ಲಿ ಮುಗಿಸಿದರು. ಮಕ್ಕಳಿಗಾಗಿ 1807ರಲ್ಲಿ ಹೊರಡಿಸಿದ ಪ್ರಶ್ನೋತ್ತರದ ಪುಸ್ತಕವು ನೂರು ವರುಷಗಳ ತನಕ ವೇಲ್ಸಿನ ಮನೆಮನೆಗಳಲ್ಲಿ ಇತ್ತು. ಅದೇ ವರುಷ ಐರ್ಲೆಂಡಿಗೆ ಹೋಗಿ ಅಲ್ಲಿಯ ಜನರ ಭಾಷೆಯಲ್ಲಿ ಶಾಲೆ ನಡಿಸುವ ವಿಷಯವನ್ನು ವಿಚಾರಿಸಿದರು. 1811ರಲ್ಲಿ ಎಡಿನ್‌ಬರೋದಲ್ಲಿ ಕೆಲವರು ಸ್ಕಾಟ್ಲೆಂಡಿನ ಗೇಲಿಕ್ ಮಾತಾಡುವ ಬೆಟ್ಟಗಾಡಿನವರಿಗೂ ದ್ವೀಪದವರಿಗೂ ಇವರ ಮಾದರಿಯ ಸಂಚಾರ ಶಾಲೆಗಳ ಸಂಘವನ್ನು ಸ್ಥಾಪಿಸಿದರು.

ಹೆಬ್ಬೆರಳಿನ ಕಾಯಿಲೆಯಿಂದ ಹದಿನೈದು ವರುಷಗಳು ಕಳೆಯುತ್ತಾ ಬಂದಾಗ, 1814ನೇ ಇಸವಿ ಅಕ್ಟೋಬರ್ 5ರಂದು ಚಾರ್ಲ್ಸರು ಬಾಲಾದಲ್ಲಿ ತೀರಿಕೊಂಡರು. ಅದೇ ತಿಂಗಳು ಕಳೆಯುವದರೊಳಗೆ ಸೇರಾ ಅಮ್ಮನವರೂ ಅವರ ಹಿಂದೆ ಹೋದರು. ಬಾಲಾ ಕೆರೆಯ ದಡದಲ್ಲಿರುವ ಲಾನಕಿಲ್ ದೇವಾಲಯದ ಅಂಗಳದಲ್ಲಿ ಅವರ ಸಮಾಧಿಯಿದೆ. ಮೇರಿ ಜೋನ್ಸಳು ಅವರ ತರುವಾಯ ಐವತ್ತು ವರುಷ ಬದುಕಿ, 1864ರಲ್ಲಿ ತೀರಿಕೊಂಡಳು. ಅವಳು ಕೊಂಡ ಸತ್ಯವೇದವು ಕೇಂಬ್ರಿಜಿನ ವಿಶ್ವವಿದ್ಯಾಲಯದ ಪುಸ್ತಕಾಲಯವನ್ನು ಸೇರಿತು. ಲಾನಕಿಲ್ ದೇವಾಲಯದಲ್ಲಿ ಪೂಜೆ ನಿಂತ ಮೇಲೆ ಸತ್ಯವೇದ ಸಂಘದವರು ಅದನ್ನು ದುರಸ್ತಿ ಮಾಡಿಸಿ, ಚಾರ್ಲ್ಸರ ಮತ್ತು ಮೇರಿಯ ಚರಿತ್ರೆಯನ್ನು ಮಕ್ಕಳಿಗೆ ತೋರಿಸುವ ಸ್ಥಳವನ್ನಾಗಿ 2014ರಲ್ಲಿ ತೆರೆದರು.