ಸೆಲ್ಬೋರ್ನಿನ ಗಿಲ್ಬರ್ಟ್ ವೈಟ್

ನಮ್ಮ ನಾಡಿನಲ್ಲಿ ವಸಂತವೆಂದರೆ ಬಿಸಿಲಿನ ಮುನ್ಸೂಚನೆ. ಇಂಗ್ಲೆಂಡಿನಲ್ಲಿ ಅದು ಚಳಿಯ ಸೆರೆಯಿಂದ ಬಿಡುಗಡೆ. ಅಲ್ಲಿ ಮಾರ್ಚ್ ತಿಂಗಳಿನಲ್ಲಿಯೂ ಹಿಮ ಬೀಳುವುದುಂಟು. ಆ ಹಿಮದ ನಡುವೆಯೇ ಯಾವ ಮರ ಮೊದಲು ಚಿಗುರಿತು, ಯಾವ ಹಕ್ಕಿ ಮೊದಲು ಕೂಗಿತು ಎಂಬುದನ್ನು ಸುಮಾರು ನಾಲ್ವತ್ತು ವಸಂತಗಳ ಕಾಲ ಕಾದು ಕುಳಿತು ಬರೆದಿಟ್ಟವನು ಒಬ್ಬ ಹಳ್ಳಿಯ ಪಾದ್ರಿ. ಅವನೇ ಗಿಲ್ಬರ್ಟ್ ವೈಟ್.

ವೈಟನು 1720ನೆಯ ಇಸವಿ ಜುಲೈ 18ರಂದು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅವನ ತಾತ ಆ ಊರಿನ ಪಾದ್ರಿಯಾಗಿದ್ದನು. ಊರಿನ ಬೆನ್ನಿಗೆ ಬೀಚ್ ಮರಗಳಿಂದ ತುಂಬಿದ ಕಡಿದಾದ ಗುಡ್ಡ. ಇಗರ್ಜಿಯ ಎದುರಿಗೆ ವೈಟ್ ಮನೆತನದವರ ಮನೆ ಮತ್ತು ತೋಟ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1743ರಲ್ಲಿ ಪದವಿಯನ್ನು ಪಡೆದ ವೈಟನು, ದೊಡ್ಡ ಹುದ್ದೆಗಳನ್ನರಸಿ ಹೊರಡದೆ ಹುಟ್ಟೂರಿಗೇ ಮರಳಿದನು. ಆದರೆ ಆ ಊರಿನ ಮುಖ್ಯ ಪಾದ್ರಿಯನ್ನು ನೇಮಿಸುವ ಹಕ್ಕು ಮಾಡಲಿನ್ ಎಂಬ ಬೇರೊಂದು ಕಾಲೇಜಿಗೆ ಸೇರಿದ್ದಿತು. ಆದುದರಿಂದ ಅಲ್ಲಿ ಅವನು ಜೀವನವಿಡೀ ಸಹಾಯಕ ಪಾದ್ರಿಯಾಗಿಯೇ ಉಳಿಯಬೇಕಾಯಿತು. ಅವನು ಮದುವೆಯಾಗಲಿಲ್ಲ. ಕುದುರೆಗಾಡಿಯ ಪ್ರಯಾಣ ಅವನ ದೇಹಕ್ಕೆ ಒಗ್ಗುತ್ತಿರಲಿಲ್ಲ. ಹೀಗಾಗಿ ತೋಟವೂ ಗುಡ್ಡವೂ ಊರಿನ ಸುತ್ತಲ ಹೊಲಗಳೂ ಅವನ ಪ್ರಪಂಚವಾದವು.

1751ರಲ್ಲಿ ವೈಟನು ತೋಟದ ದಿನಚರಿಯೊಂದನ್ನು ಬರೆಯತೊಡಗಿದನು. ಮೊದಮೊದಲು ಅದರಲ್ಲಿ ಬಿತ್ತನೆ, ಗೊಬ್ಬರ, ಕರ್ಬೂಜದ ಬಳ್ಳಿಗಳ ಸಂಗತಿಯೇ ಹೆಚ್ಚು. ಕ್ರಮೇಣ ಅವನ ಗಮನವು ತರಕಾರಿಯ ಪಾತಿಯಿಂದ ಬೇಲಿಯ ಮೇಲೆ ಕುಳಿತ ಹಕ್ಕಿಗಳ ಕಡೆಗೆ ಹರಿಯಿತು. 1768ರಿಂದ ಅವನು ಗಾಳಿ, ಮಳೆ, ಉಷ್ಣತೆ, ಹೂ, ಹಕ್ಕಿ, ಕೀಟ ಎಲ್ಲಕ್ಕೂ ಬೇರೆ ಬೇರೆ ಅಂಕಣಗಳಿದ್ದ ಹೊಸ ದಿನಚರಿಯನ್ನು ಆರಂಭಿಸಿದನು. ಅದನ್ನು ಸಾಯುವ ತಿಂಗಳಿನವರೆಗೂ ಬಿಡಲಿಲ್ಲ.

ಅವನು ನೋಡಿದುದು ಅಪೂರ್ವವಾದ ಪ್ರಾಣಿಗಳನ್ನಲ್ಲ. ಎಲ್ಲರ ಕಣ್ಣೆದುರಿಗೇ ಇದ್ದವುಗಳನ್ನು. ನಮ್ಮ ಚೇಕಡಿ ಹಕ್ಕಿಯ ಬಂಧುವಾದ ಟಿಟ್ ಹಕ್ಕಿಯು ಫೆಬ್ರವರಿಯಲ್ಲಿಯೇ ಗರಗಸ ಮಸೆದಂತೆ ಎರಡು ಸ್ವರಗಳಲ್ಲಿ ಕೂಗುವುದನ್ನು ಅವನು ಗುರುತಿಸಿದನು. ಹಿಮ ದಟ್ಟವಾಗಿ ಬಿದ್ದಾಗ ಅದೇ ಬಳಗದ ಹಕ್ಕಿಯು ಹುಲ್ಲುಮಾಡಿನ ಸೂರಿನಿಂದ ಒಂದೊಂದೇ ಕಡ್ಡಿಯನ್ನು ಎಳೆದು, ಒಳಗೆ ಅಡಗಿದ್ದ ನೊಣಗಳನ್ನು ತಿನ್ನುವುದನ್ನು ಕಂಡನು. ಗೋಧಿಯ ಹೊಲದಲ್ಲಿ ವಾಸಿಸುವ ಪುಟ್ಟ ಇಲಿಯೊಂದನ್ನು ಅವನು ಇಂಗ್ಲೆಂಡಿನ ವಿದ್ವಾಂಸರಿಗೆ ಪರಿಚಯಿಸಿದನು. ಅದರ ಗೂಡು ಕ್ರಿಕೆಟ್ ಚೆಂಡಿನಷ್ಟು ಗಾತ್ರ. ಒಳಗೆ ಕಣ್ಣು ತೆರೆಯದ ಎಂಟು ಮರಿಗಳು. ತಕ್ಕಡಿಯಲ್ಲಿಟ್ಟು ತೂಗಿದಾಗ ಎರಡು ಬೆಳೆದ ಇಲಿಗಳು ಸೇರಿ ಅರ್ಧ ಪೆನ್ನಿಯ ಒಂದು ತಾಮ್ರದ ನಾಣ್ಯಕ್ಕೆ ಸಮನಾದುವು! ಎರೆಹುಳುವು ಮಣ್ಣನ್ನು ಸಡಿಲಗೊಳಿಸಿ ಫಲವತ್ತಾಗಿಸುತ್ತದೆ ಎಂದು 1777ರಲ್ಲಿಯೇ ಅವನು ಬರೆದನು. ಚಾರ್ಲ್ಸ್ ಡಾರ್ವಿನ್ನನು ಎರೆಹುಳುಗಳ ಬಗೆಗೆ ಗ್ರಂಥವನ್ನು ಪ್ರಕಟಿಸಿದುದು ಅದಾದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1881ರಲ್ಲಿ.

ಮಾರ್ಚ್ ತಿಂಗಳ ಉತ್ತರಾರ್ಧದಿಂದ ಸೆಲ್ಬೋರ್ನಿನ ತೋಪುಗಳಿಗೆ ಹಸಿರು ಮಿಶ್ರಿತ ಪುಟ್ಟ ಉಲಿಯಕ್ಕಿಗಳು ಬರುತ್ತಿದ್ದವು. ಜನರಿಗೆ ಅವೆಲ್ಲ ಒಂದೇ. ವೈಟನ ಕಿವಿಗೆ ಹಾಗೆನಿಸಲಿಲ್ಲ. ಒಂದು ಎರಡೇ ಸ್ವರಗಳನ್ನು ಮರಳಿ ಮರಳಿ ನುಡಿಯುತ್ತಿತ್ತು; ಮತ್ತೊಂದರ ದನಿ ಇಳಿಯುತ್ತ ಹೋಗುವ ಇಂಪಾದ ರಾಗ; ಇನ್ನೊಂದು ಎತ್ತರದ ಮರಗಳ ತುದಿಯಲ್ಲಿ ರೆಕ್ಕೆ ನಡುಗಿಸುತ್ತ ಸರಸರನೆ ಸದ್ದು ಮಾಡುತ್ತಿತ್ತು. 1768ರಲ್ಲಿ ಮೂರನ್ನೂ ಎದುರಿಗಿಟ್ಟುಕೊಂಡು ಗಾತ್ರವನ್ನೂ ಕಾಲುಗಳ ಬಣ್ಣವನ್ನೂ ಹೋಲಿಸಿ, ಇವು ಮೂರು ಬೇರೆ ಬೇರೆ ಜಾತಿಗಳೆಂದು ಅವನು ನಿರ್ಧರಿಸಿದನು. ಹಾಗೆ ಹೋಲಿಸುವುದಕ್ಕೆ ಹಕ್ಕಿಗಳನ್ನು ಕೊಲ್ಲಬೇಕಾಗಿತ್ತು ಎಂಬುದನ್ನೂ ಮರೆಮಾಚಬಾರದು. ದುರ್ಬೀನಿನಿಂದ ಹಕ್ಕಿ ನೋಡುವ ಕಾಲ ಅದಾಗಿರಲಿಲ್ಲ.

ಆದರೆ ಒಂದು ಪ್ರಶ್ನೆ ಮಾತ್ರ ವೈಟನನ್ನು ಕೊನೆಯವರೆಗೂ ಕಾಡಿತು. ಸ್ವಾಲೋ ಎಂಬ ಕವಲುಬಾಲದ ಹಕ್ಕಿಯೂ ಸೂರಿನಡಿ ಮಣ್ಣಿನ ಗೂಡು ಕಟ್ಟುವ ಮಾರ್ಟಿನ್ ಹಕ್ಕಿಯೂ ಏಪ್ರಿಲಿನಲ್ಲಿ ಬಂದು ಶರತ್ಕಾಲದಲ್ಲಿ ಮಾಯವಾಗುತ್ತವೆ. ಅವು ಎಲ್ಲಿಗೆ ಹೋಗುತ್ತವೆ? ಅವು ಕೆರೆಯ ತಳದಲ್ಲಿಯೋ ಗೋಡೆಯ ಬಿರುಕಿನಲ್ಲಿಯೋ ಚಳಿಗಾಲವಿಡೀ ನಿದ್ರಿಸುತ್ತವೆ ಎಂದು ಅಂದಿನ ಅನೇಕ ವಿದ್ವಾಂಸರು ನಂಬಿದ್ದರು. ಜಿಬ್ರಾಲ್ಟರಿನಲ್ಲಿ ಪಾದ್ರಿಯಾಗಿದ್ದ ವೈಟನ ತಮ್ಮ ಜಾನ್, ಅಸಂಖ್ಯ ಹಕ್ಕಿಗಳು ಆಫ್ರಿಕದ ಕಡೆಗೂ ಅಲ್ಲಿಂದ ಇತ್ತಲೂ ಕಡಲನ್ನು ದಾಟುವುದನ್ನು ಕಣ್ಣಾರೆ ಕಂಡು ತಿಳಿಸಿದ್ದನು. ವೈಟನು ಅದನ್ನು ಒಪ್ಪಿದನು. ಆದರೂ ಅವನ ಸಂಶಯ ತೀರಲಿಲ್ಲ. ನವೆಂಬರಿನ ಬೆಚ್ಚನೆಯ ದಿನಗಳಲ್ಲಿ ಗುಡ್ಡದ ಬದಿಯಲ್ಲಿ ಮಾರ್ಟಿನ್ನುಗಳು ಮತ್ತೆ ಹಾರಾಡುವುದನ್ನು ಅವನೇ ನೋಡಿದ್ದನಲ್ಲವೆ! ಎಲ್ಲವೂ ಹೊರಟುಹೋಗಿದ್ದರೆ ಇವು ಎಲ್ಲಿಂದ ಬಂದವು?

1781ರ ಏಪ್ರಿಲಿನಲ್ಲಿ ಅವನು ಆಳುಗಳನ್ನು ಕರೆಸಿ ಅದೇ ಗುಡ್ಡದ ಪೊದೆಗಳ ಬುಡವನ್ನು ಅಗೆಸಿದನು, ಸಂದುಗೊಂದುಗಳನ್ನೆಲ್ಲ ಹುಡುಕಿಸಿದನು. ನಿದ್ರಿಸುವ ಹಕ್ಕಿ ಒಂದೂ ಸಿಕ್ಕಲಿಲ್ಲ. ಹುಡುಕಾಟ ನಡೆಯುತ್ತಿರುವಾಗಲೇ ಆ ವರ್ಷದ ಮೊದಲ ಮಾರ್ಟಿನ್ ಊರಿನ ಮೇಲೆ ಹಾರಿಬಂದು, ಸೂರಿನಡಿಯ ಹಳೆಯ ಗೂಡೊಂದನ್ನು ನೇರವಾಗಿ ಹೊಕ್ಕಿತು. ಕೆಲವು ಕ್ಷಣಗಳ ಮೇಲೆ ಹೊರಬಂದು ಮನೆಗಳ ಮೇಲಿನಿಂದ ಹಾರಿಹೋಯಿತು. ಇಂತಹ ಸೋಲನ್ನೂ ವೈಟನು ಮುಚ್ಚಿಡದೆ ಬರೆದಿಟ್ಟನು. ಹುಡುಕಿದುದು ಸಿಕ್ಕಲಿಲ್ಲವೆಂದು ಬರೆಯುವ ಧೈರ್ಯ ಎಲ್ಲ ಪಂಡಿತರಿಗೂ ಇರುವುದಿಲ್ಲ.

ಅವನ ತೋಟದಲ್ಲಿ ನಿದ್ರಿಸುವ ಪ್ರಾಣಿಯೊಂದು ನಿಜವಾಗಿಯೂ ಇದ್ದಿತು. ಅದು ಟಿಮೊಥಿ ಎಂಬ ಆಮೆ. ಸೋದರತ್ತೆಯು ತೀರಿಕೊಂಡ ಮೇಲೆ, 1780ರ ಮಾರ್ಚಿನಲ್ಲಿ ಅದನ್ನು ಮಣ್ಣಿನಿಂದ ಅಗೆದು ತೆಗೆದು ಸಸೆಕ್ಸಿನಿಂದ ಸೆಲ್ಬೋರ್ನಿಗೆ ತಂದಿದ್ದನು. ನವೆಂಬರಿನಲ್ಲಿ ಭೂಮಿಯೊಳಗೆ ಹುದುಗಿ ಏಪ್ರಿಲಿನಲ್ಲಿ ಏಳುತ್ತಿದ್ದ ಅದರ ದಿನಚರಿಯೂ ಅವನ ಬರಹದಲ್ಲಿ ಸೇರಿತು. ಅದು ಹೆಣ್ಣಾಮೆಯೆಂದು ತಿಳಿದುದು ಬಹಳ ಕಾಲದ ಮೇಲೆ.

ವಿದ್ವಾಂಸರಾದ ಥಾಮಸ್ ಪೆನೆಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಅವರಿಗೆ ತಾನು ಬರೆದ ಪತ್ರಗಳನ್ನು ತಿದ್ದಿ ಸೇರಿಸಿ, ಸೆಲ್ಬೋರ್ನಿನ ನಿಸರ್ಗ ಚರಿತ್ರೆಯನ್ನು ವೈಟನು ಸಿದ್ಧಪಡಿಸಿದನು. ಲಂಡನ್ನಿನಲ್ಲಿ ಪುಸ್ತಕ ಪ್ರಕಾಶಕನಾಗಿದ್ದ ಅವನ ತಮ್ಮ ಬೆಂಜಮಿನ್ ಅದನ್ನು ಹೊರತಂದನು. ಮುಖಪುಟದ ಮೇಲಿನ ವರ್ಷ 1789. ಆಗ ವೈಟನಿಗೆ ಅರವತ್ತೆಂಟು ದಾಟಿತ್ತು. ಅಂದಿನಿಂದ ಇಂದಿನವರೆಗೆ ಆ ಗ್ರಂಥವು ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ.

ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಸ್ವಾಲೋ ಒಂದು 1912ರಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿತು. ಅವನ ಪ್ರಶ್ನೆಗೆ ಉತ್ತರ ದೊರೆತುದು ಹೀಗೆ. ಮಾರ್ಟಿನ್ನುಗಳು ಆಫ್ರಿಕದ ಯಾವ ಯಾವ ಭಾಗಗಳಲ್ಲಿ ಚಳಿಗಾಲವನ್ನು ಕಳೆಯುತ್ತವೆಂಬುದು ಇಂದಿಗೂ ಅಷ್ಟು ಸ್ಪಷ್ಟವಾಗಿಲ್ಲ.

ವೈಟನು 1793ರ ಜೂನ್ 26ರಂದು ತನ್ನ ಮನೆಯಲ್ಲಿಯೇ ಕಣ್ಮುಚ್ಚಿದನು. ಇಗರ್ಜಿಯ ಉತ್ತರ ದಿಕ್ಕಿನ ಹುಲ್ಲಿನಲ್ಲಿ ಅವನ ಸಮಾಧಿಯಿದೆ. ಅಲ್ಲಿರುವ ಪುಟ್ಟ ಕಲ್ಲಿನ ಮೇಲೆ ಅವನ ಹೆಸರಿನ ಎರಡು ಮೊದಲಕ್ಷರಗಳು ಮತ್ತು ಆ ದಿನದ ತಾರೀಖು ಮಾತ್ರ ಇವೆ.