ಗಗನಯಾನಕ್ಕೆ ಲೆಕ್ಕ ಹಾಕಿದ ಉಪಾಧ್ಯಾಯ

ಮಾನವನು ಮಂಗಳಗ್ರಹಕ್ಕೆ ತೆರಳುವ ಮಾತು ಇಂದು ಎಲ್ಲೆಡೆ ನಡೆದಿದೆ. ಆ ದಾರಿಗೆ ಮೊದಲು ಲೆಕ್ಕ ಹಾಕಿದಾತನು ರಷ್ಯದ ಒಬ್ಬ ಬಡ ಉಪಾಧ್ಯಾಯನೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿಯು 1857ರಲ್ಲಿ ರ್‍ಯಾಜಾನ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದನು. ಬಾಲ್ಯದ ಜ್ವರವೊಂದರಿಂದ ಕಿವಿ ಮಂದವಾಗಿ ಶಾಲೆ ತಪ್ಪಿತು. ಹದಿನಾರರಲ್ಲಿ ಮಾಸ್ಕೋ ಸೇರಿ, ಮೂರು ವರ್ಷ ಸಾರ್ವಜನಿಕ ಪುಸ್ತಕಾಲಯವನ್ನೇ ಪಾಠಶಾಲೆಯಾಗಿ ಮಾಡಿಕೊಂಡನು. ತಂದೆ ಕಳುಹಿಸುತ್ತಿದ್ದ ಅಲ್ಪ ಹಣವು ಪುಸ್ತಕಗಳಿಗೂ ರಸಾಯನದ್ರವ್ಯಗಳಿಗೂ ವೆಚ್ಚವಾಗಿ, ಹೊಟ್ಟೆಗೆ ಕಪ್ಪು ರೊಟ್ಟಿಯೊಂದೇ ಉಳಿಯುತ್ತಿತ್ತು. ದಿನವೆಲ್ಲ ಗಿರಾಕಿಗಳಿಗೆ ಬಡಿಸಿ ರಾತ್ರಿಶಾಲೆಗೆ ಓಡುವ ನಮ್ಮ ಹುಡುಗರಿಗೆ ಈ ಹಸಿವನ್ನು ವಿವರಿಸಬೇಕಾಗಿಲ್ಲ.

ಮುಂದೆ ಬೊರೊವ್‌ಸ್ಕ್‌ನಲ್ಲಿಯೂ 1892ರಿಂದ ಕಲೂಗದಲ್ಲಿಯೂ ಉಪಾಧ್ಯಾಯನಾದನು. 1902ರಲ್ಲಿ ಮಗನೊಬ್ಬನು ಆತ್ಮಹತ್ಯೆ ಮಾಡಿಕೊಂಡನು. ಮರುವರ್ಷವೇ ಈತನ ಮಹಾಲೇಖನವು ಅಚ್ಚಾಯಿತು. ರಾಕೆಟ್ಟು ಪಡೆಯುವ ವೇಗವು ಹೊರನುಗ್ಗುವ ಅನಿಲದ ವೇಗವನ್ನೂ, ಇಂಧನ ತುಂಬಿದಾಗಿನ ತೂಕಕ್ಕೂ ಬರಿದಾದಾಗಿನ ತೂಕಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿದೆಯೆಂದು ಅದರಲ್ಲಿ ಸಾಧಿಸಿದನು. ದ್ರವ ಜಲಜನಕ, ದ್ರವ ಆಮ್ಲಜನಕಗಳನ್ನು ಉರಿಸಬಹುದೆಂದೂ ಸೂಚಿಸಿದನು. 2023ರಲ್ಲಿ ನಮ್ಮ ಚಂದ್ರಯಾನ-3ನ್ನು ಹೊತ್ತ ರಾಕೆಟ್ಟಿನ ಮೇಲ್ಹಂತದಲ್ಲಿ ಉರಿದುದು ಈ ಜೋಡಿಯೇ. ಅಂದು ಮಾತ್ರ ಆ ಲೇಖನವನ್ನು ಗಮನಿಸಿದವರು ವಿರಳ. 1908ರಲ್ಲಿ ಓಕಾ ನದಿಯ ಪ್ರವಾಹವು ಮನೆಗೇ ನುಗ್ಗಿತು. ಆದರೂ ಬರವಣಿಗೆ ನಿಲ್ಲಲಿಲ್ಲ. ಬರಿದಾದ ಭಾಗವನ್ನು ಕಳಚುತ್ತ ಮೇಲೇರುವ ರಾಕೆಟ್ ಸಾಲಿನ ವಿಚಾರವನ್ನು 1929ರಲ್ಲಿ ವಿಸ್ತರಿಸಿದನು.

ತನ್ನ ಕೈಯಿಂದ ಒಂದು ರಾಕೆಟ್ಟನ್ನೂ ಹಾರಿಸದೆ 1935ರಲ್ಲಿ ಕಲೂಗದಲ್ಲಿಯೇ ತೀರಿಕೊಂಡನು. ಸ್ಪುಟ್ನಿಕ್ ಮೇಲೇರಿದ್ದು 1957ರ ಅಕ್ಟೋಬರಿನಲ್ಲಿ, ಈತನು ಹುಟ್ಟಿ ನೂರು ವರ್ಷ ತುಂಬಿದ ಮರುತಿಂಗಳು.