ಬಾತುಕೋಳಿಗೆ ಮಾತು ಕೊಟ್ಟ ವಾಲ್ಟ್ ಡಿಸ್ನಿ

ಮಹಾಪುರುಷರ ಚರಿತ್ರೆಯೆಂದರೆ ರಾಜರು, ಯೋಧರು, ಸಂತರು ಇವರ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಮಕ್ಕಳನ್ನು ನಗಿಸಿದವನ ಹೆಸರು ಆ ಸಾಲಿನಲ್ಲಿ ಬರುವುದು ವಿರಳ. ಆದರೆ ಒಂದು ಬಾತುಕೋಳಿಗೆ ನಾವಿಕನ ಅಂಗಿ ತೊಡಿಸಿ, ತಂದೆತಾಯಿ ಮಕ್ಕಳೆಲ್ಲ ಒಟ್ಟಿಗೆ ಕುಳಿತು ನಿಸ್ಸಂಕೋಚವಾಗಿ ನೋಡಬಹುದಾದ ಚಿತ್ರಗಳನ್ನು ಲೋಕಕ್ಕೆ ಕೊಟ್ಟ ವಾಲ್ಟ್ ಡಿಸ್ನಿಯ ಬಾಳು ವಿದ್ಯಾರ್ಥಿಗಳಾದ ನಾವು ತಿಳಿಯತಕ್ಕದ್ದು. ಅದರಲ್ಲಿ ಅನುಸರಿಸತಕ್ಕದ್ದೂ ಇದೆ, ಬಿಡತಕ್ಕದ್ದೂ ಇದೆ.

ಡಿಸ್ನಿ ಹುಟ್ಟಿದುದು 1901ನೆಯ ಇಸವಿ ಡಿಸೆಂಬರ್ 5ರಂದು, ಅಮೆರಿಕದ ಷಿಕಾಗೋ ನಗರದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ನಾಲ್ವರು ಗಂಡುಮಕ್ಕಳಲ್ಲಿ ಈತನೇ ಕಿರಿಯವನು. 1906ರಲ್ಲಿ ಈ ಕುಟುಂಬವು ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಸಣ್ಣ ಊರಿಗೆ ಹೋಗಿ ಬೇಸಾಯಕ್ಕೆ ನಿಂತಿತು. ಕೋಳಿ, ಹಂದಿ, ದನಕರುಗಳ ನಡುವೆ ಬೆಳೆದ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು ಹತ್ತಿದುದು ಅಲ್ಲಿಯೇ. ಬೇಸಾಯವು ತಂದೆಯ ಕೈಹಿಡಿಯಲಿಲ್ಲ. ಜಮೀನು ಮಾರಿ 1911ರಲ್ಲಿ ಕಾನ್ಸಾಸ್ ಸಿಟಿಗೆ ಬಂದ ಆತನು ದಿನಪತ್ರಿಕೆ ಹಂಚುವ ಕೆಲಸ ಹಿಡಿದನು. ಬಾಲಕ ವಾಲ್ಟನು ಬೆಳಗಿನ ಜಾವ ಎದ್ದು, ಹಿಮ ಬಿದ್ದ ದಿನಗಳಲ್ಲಿಯೂ ಮನೆಮನೆಗೆ ಪತ್ರಿಕೆ ಹಾಕಿ, ಆಮೇಲೆ ಶಾಲೆಗೆ ಹೋಗಿ ತೂಕಡಿಸುತ್ತಿದ್ದನು. ಹೊಲದ ಕೆಲಸ ಮುಗಿಸಿ ಬಸ್ಸು ಹಿಡಿದು ತರಗತಿಗೆ ಬರುವ ಗೆಳೆಯರಿಗೆ ಈ ಭಾಗವನ್ನು ನಾನು ವಿವರಿಸಬೇಕಾಗಿಲ್ಲ.

1918ರಲ್ಲಿ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಆತನು ರೆಡ್‌ಕ್ರಾಸ್ ಸಂಸ್ಥೆಗೆ ಸೇರಿದನು. ಫ್ರಾನ್ಸ್ ತಲಪುವ ವೇಳೆಗೆ ಮಹಾಯುದ್ಧ ಮುಗಿದಿತ್ತು. 1919ರಲ್ಲಿ ಹಿಂದಿರುಗಿ ಕಾನ್ಸಾಸ್ ಸಿಟಿಯಲ್ಲಿ ಕಲಾವಿದನಾಗಿ ದುಡಿದನು. ಉಬ್ ಐವರ್ಕ್ಸ್ ಎಂಬ ಕುಶಲ ಚಿತ್ರಕಾರನ ಸ್ನೇಹವಾದುದು ಆಗಲೇ. ಮುಂದೆ ಆತನು ಕಟ್ಟಿದ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿಯೆದ್ದಿತು. ಅದೇ ವರ್ಷ ಹಾಲಿವುಡ್‌ಗೆ ಹೋಗಿ ಅಣ್ಣ ರಾಯ್‌ನೊಡನೆ ಹೊಸ ಸಂಸ್ಥೆ ತೆರೆದನು. ಆಸ್ವಾಲ್ಡ್ ಎಂಬ ಮೊಲದ ಚಿತ್ರಗಳು ಹೆಸರು ಮಾಡಿದವು. ಆದರೆ ಮೊಲದ ಹಕ್ಕು ಆತನದಾಗಿರಲಿಲ್ಲ. 1928ರಲ್ಲಿ ಮೊಲವೂ ಹೋಯಿತು, ಬಹುಮಂದಿ ಚಿತ್ರಕಾರರೂ ಬಿಟ್ಟುಹೋದರು. ಆಗ ಹುಟ್ಟಿದುದೇ ಮಿಕಿ ಮೌಸ್ ಎಂಬ ಇಲಿ. ಅದನ್ನು ಬಹುಮಟ್ಟಿಗೆ ಬರೆದವನು ಐವರ್ಕ್ಸ್. ದನಿ ಕೊಟ್ಟವನು ಡಿಸ್ನಿ. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಧ್ವನಿಸಹಿತವಾದ ಇಲಿಯ ಚಿತ್ರವು ತೆರೆಕಂಡಿತು. ಡಿಸ್ನಿ ಪ್ರಸಿದ್ಧನಾದನು.

ಇಲಿ ಸಾಧು ಪ್ರಾಣಿಯಾಯಿತು. ಮಕ್ಕಳ ಮೆಚ್ಚಿನದಾದ್ದರಿಂದ ಅದು ತಪ್ಪು ಮಾಡುವಂತಿರಲಿಲ್ಲ. ತಪ್ಪು ಮಾಡಲು, ಸಿಟ್ಟಾಗಲು, ಸೋಲಲು ಇನ್ನೊಬ್ಬನು ಬೇಕಾದನು. 1934ರ ಜೂನ್ ತಿಂಗಳಲ್ಲಿ ಬಂದ ಒಂದು ಕಿರುಚಿತ್ರದಲ್ಲಿ ಹೇಂಟೆಯೊಂದು ಮುಸುಕಿನ ಜೋಳ ಬಿತ್ತಲು ನೆರವು ಬೇಡುತ್ತದೆ. ಒಂದು ಹಂದಿಯೂ ಒಂದು ಬಾತುಕೋಳಿಯೂ ಹೊಟ್ಟೆನೋವಿನ ನೆಪ ಹೇಳಿ ಜಾರಿಕೊಳ್ಳುತ್ತವೆ. ಕೊಯ್ಲಿಗೂ ಅದೇ ನೆಪ. ಅಡಿಗೆಯಾದ ಮೇಲೆ ಬಾಯಲ್ಲಿ ನೀರೂರಿಸಿಕೊಂಡು ನಿಂತವರಿಗೆ ಹೇಂಟೆಯು ಕೊಡುವುದು ಹೊಟ್ಟೆನೋವಿನ ಮದ್ದು, ಹರಳೆಣ್ಣೆ! ಆ ಬಾತುಕೋಳಿಯೇ ಡೊನಾಲ್ಡ್ ಡಕ್.

ಈ ಬಾತಿಗೆ ದನಿಯಿತ್ತವನು ಕ್ಲಾರೆನ್ಸ್ ನ್ಯಾಷ್. ಹಾಲಿನ ಕಂಪನಿಯೊಂದರ ಪರವಾಗಿ ಪುಟ್ಟ ಕುದುರೆಗಳ ಬಂಡಿ ಹೂಡಿಕೊಂಡು ಹೋಗಿ, ಪ್ರಾಣಿಗಳ ಕೂಗನ್ನು ಅನುಕರಿಸಿ ಮಕ್ಕಳನ್ನು ನಗಿಸುವುದು ಆತನ ಕಸುಬು. ಆತನು ಮಾಡಿ ತೋರಿಸಿದುದು ಮೇಕೆಮರಿಯ ಕೂಗನ್ನು. ಡಿಸ್ನಿಯ ಕಿವಿಗೆ ಕೇಳಿಸಿದುದು ಬಾತುಕೋಳಿ. ನಮ್ಮ ಐ.ಡಿ.ಹಳ್ಳಿಯ ಕಡೆ ಮಳೆ ಕಡಿಮೆ; ಬಾತುಕೋಳಿಯ ಪರಿಚಯವೂ ಅಷ್ಟಕ್ಕಷ್ಟೆ. ಆದರೆ ಮೇಕೆಮರಿಯ ಕೂಗು ಕೇಳದ ದಿನವಿಲ್ಲ. ಡೊನಾಲ್ಡನ ಮಾತಿನ ಮೂಲ ಇದೆಂದು ತಿಳಿದ ಮೇಲೆ ಆ ಅಮೆರಿಕದ ಹಕ್ಕಿಯು ನನಗೆ ನೆರೆಮನೆಯವನಂತೆಯೇ ಕಂಡಿತು.

ಮುಂದೆ ಬಾತುಕೋಳಿಯ ಕೀರ್ತಿ ಇಲಿಯ ಕೀರ್ತಿಗೆ ಸರಿಗಟ್ಟಿತು. 1938ರಲ್ಲಿ ಮೂವರು ತುಂಟ ಸೋದರಳಿಯಂದಿರು ಬಂದು ಸೇರಿದರು. ಕುರೂಪಿಯೆಂದು ಬಾತುಗಳು ಓಡಿಸಿದ ಹಂಸದ ಮರಿಯ ಆಂಡರ್ಸನ್ ಕಥೆಯನ್ನು ಆಧರಿಸಿದ 1939ರ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. 1942ರಲ್ಲಿ, ಯುದ್ಧಕಾಲದಲ್ಲಿ, ಜನರು ವರಮಾನ ತೆರಿಗೆಯನ್ನು ಸಕಾಲಕ್ಕೆ ಕಟ್ಟುವಂತೆ ಮಾಡಲು ಅಮೆರಿಕ ಸರ್ಕಾರವೇ ಡೊನಾಲ್ಡನ ಮೊರೆಹೊಕ್ಕಿತು. 1959ರಲ್ಲಿ ಅದೇ ಬಾತು ಗಣಿತಲೋಕವನ್ನು ಸುತ್ತಿ ಬರುವ ಚಿತ್ರವು ಶಾಲೆಗಳಲ್ಲಿ ಪಾಠವಾಯಿತು. ಸೋತರೂ ಸುಮ್ಮನಾಗದೆ ಮತ್ತೆ ಮುಷ್ಟಿ ಬಿಗಿಯುವ ಈ ಹಕ್ಕಿಯಲ್ಲಿ ಸಾಮಾನ್ಯ ಮನುಷ್ಯನು ತನ್ನನ್ನೇ ಕಂಡನೆಂದು ನನ್ನ ಅಭಿಪ್ರಾಯ.

ಡಿಸ್ನಿಯ ಸಾಹಸವು ಕಿರುಚಿತ್ರಗಳಿಗೆ ನಿಲ್ಲಲಿಲ್ಲ. ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರ ತೆಗೆಯಹೊರಟಾಗ ಲೋಕ ಹಾಸ್ಯಮಾಡಿತು. ಸುಮಾರು 15 ಲಕ್ಷ ಡಾಲರ್ ವೆಚ್ಚದ ‘ಸ್ನೋ ವೈಟ್’ 1937ರ ಡಿಸೆಂಬರ್ 21ರಂದು ತೆರೆಕಂಡಾಗ ಹಾಸ್ಯಮಾಡಿದವರೇ ಚಪ್ಪಾಳೆ ತಟ್ಟಿದರು.

ಆದರೆ ಚಂದ್ರನಲ್ಲಿಯೂ ಕಲೆಯುಂಟು. ಕಿರುಚಿತ್ರಗಳ ಮೇಲೆ ಬಹುಕಾಲ ಎದ್ದು ಕಾಣುತ್ತಿದ್ದುದು ಡಿಸ್ನಿಯ ಹೆಸರೊಂದೇ. ಒಂದೊಂದು ಚಲನೆಗೂ ನೂರಾರು ಹಾಳೆ ಬರೆದ ಕೈಗಳು ತೆರೆಯ ಹಿಂದೆಯೇ ಉಳಿದವು. 1941ರ ಮೇ ತಿಂಗಳಲ್ಲಿ ಆತನ ಚಿತ್ರಕಾರರು ಸಂಬಳ, ಮನ್ನಣೆ ಮತ್ತು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದರು. ಡಿಸ್ನಿ ಅದನ್ನು ದ್ರೋಹವೆಂದೇ ಬಗೆದನು. 1947ರಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ ಮುಷ್ಕರದ ಮುಖಂಡರನ್ನು ಕಮ್ಯುನಿಸ್ಟರೆಂದು ದೂರಿದನು. ಡೊನಾಲ್ಡನ ಪುಸ್ತಕಗಳಿಗೆ 1942ರಿಂದ ಎರಡು ದಶಕಕ್ಕೂ ಮಿಕ್ಕಿ ಕಥೆ ಹೆಣೆದು ಚಿತ್ರ ಬರೆದ ಕಾರ್ಲ್ ಬಾರ್ಕ್ಸ್‌ನ ಹೆಸರು ಓದುಗರಿಗೆ ಬಹುಕಾಲ ತಿಳಿದೇ ಇರಲಿಲ್ಲ. ಬೆಳಗಿನ ಜಾವದ ದುಡಿಮೆಯನ್ನು ಬಾಲ್ಯದಲ್ಲಿಯೇ ಉಂಡವನು ದುಡಿಯುವವರ ಮನಸ್ಸನ್ನು ಅರಿಯದೆ ಹೋದುದು ಸೋಜಿಗ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪದವಿಯ ಗೌರವವೆಲ್ಲ ನನ್ನ ಹೆಸರಿಗೆ ಬರುತ್ತದೆ. ಕಡಲೆಕಾಯಿ ಬಿಡಿಸಿ ಶುಲ್ಕ ಹೊಂದಿಸಿದ ಕೈಗಳನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಡಿಸ್ನಿಯ ಚರಿತ್ರೆಯ ಈ ಭಾಗವು ನನ್ನನ್ನು ಹೆಚ್ಚಾಗಿ ಕಾಡಿದುದು ಅದಕ್ಕಾಗಿಯೇ.

1955ರ ಜುಲೈ 17ರಂದು ಆತನು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ಎಂಬ ವಿಹಾರವನವನ್ನು ತೆರೆದನು. ಹಿರಿಯರೂ ಮಕ್ಕಳೂ ಜೊತೆಯಾಗಿ ನಲಿಯುವ ಸ್ಥಳವೊಂದಿರಬೇಕೆಂಬುದು ಆತನ ಬಹುದಿನದ ಆಸೆ. ಜೀವಮಾನದಲ್ಲಿ ಆತನಿಗೆ ಸಂದ ಸ್ಪರ್ಧಾತ್ಮಕ ಆಸ್ಕರ್ ಪ್ರಶಸ್ತಿಗಳು 22. ಅತಿಯಾದ ಧೂಮಪಾನಿಯಾಗಿದ್ದ ಆತನು ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ 1966ರ ಡಿಸೆಂಬರ್ 15ರಂದು, ತನ್ನ 65ನೆಯ ವಯಸ್ಸಿನಲ್ಲಿ, ತೀರಿಕೊಂಡನು. ನ್ಯಾಷ್ ಆ ಬಳಿಕವೂ ಹಲವು ವರ್ಷ ಬಾತಿಗೆ ದನಿಯಾಗಿದ್ದು 1985ರಲ್ಲಿ ಮಡಿದನು. ಡೊನಾಲ್ಡನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದನ್ನು ಕಂಡು ನಗುವ ಮಕ್ಕಳಿಗೂ ಕೊರತೆಯಿಲ್ಲ.